ಸಮವಸ್ತ್ರ ಕಳಚಿದ ಮೇಲೆ

ಜನವರಿ 15 ಬಂತೆಂದರೆ ಶಾಲೆಗಳ ರಸಪ್ರಶ್ನೆಯಲ್ಲಿ ಒಂದು ಪ್ರಶ್ನೆ ತಪ್ಪದು. ನಮ್ಮ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕ ಯಾರು? ಚಳ್ಳಕೆರೆಯ ಹುಡುಗನೂ ಹೇಳುತ್ತಾನೆ, ಮೊಳಕಾಲ್ಮೂರಿನ ಹುಡುಗಿಯೂ ಹೇಳುತ್ತಾಳೆ: ಕೊಡಗಿನ ಕೆ.ಎಂ. ಕಾರ್ಯಪ್ಪ. 1949ರಲ್ಲಿ ಆ ದಿನ ಅವರು ಬ್ರಿಟಿಷ್ ಜನರಲ್ ರಾಯ್ ಬುಚರ್ ಅವರಿಂದ ಅಧಿಕಾರ ವಹಿಸಿಕೊಂಡರು. ಸೇನಾ ದಿನ ಎಂದು ಆಚರಿಸುವುದು ಅದಕ್ಕೇ. ಉತ್ತರ ಸರಿ, ಅಂಕವೂ ಸಿಗುತ್ತದೆ. ಆದರೆ 1953ರಲ್ಲಿ ನಿವೃತ್ತರಾದ ಮೇಲೆ ಕಾರ್ಯಪ್ಪನವರು ಇನ್ನೂ ನಲವತ್ತು ವರ್ಷ ಬದುಕಿದ್ದರು. ಆ ನಲವತ್ತು ವರ್ಷ ಏನು ಮಾಡಿದರೆಂದು ಯಾರೂ ಕೇಳುವುದಿಲ್ಲ.

ಸೈನಿಕನ ಲೆಕ್ಕ ಬೇರೆಯೇ. ಗುಮಾಸ್ತನಿಗೆ, ಮೇಷ್ಟ್ರಿಗೆ ತಲೆ ನರೆಯುವವರೆಗೆ ಸಂಬಳವುಂಟು. ಹದಿನೆಂಟು ಇಪ್ಪತ್ತರಲ್ಲಿ ಸೇರಿದ ಸಿಪಾಯಿ ಪಿಂಚಣಿಗೆ ಬೇಕಾದ ಹದಿನೈದು ವರ್ಷ ಮುಗಿಸಿ, ಮೂವತ್ತೈದರ ಆಸುಪಾಸಿನಲ್ಲೇ ಟ್ರಂಕು ಹೊತ್ತು ಮನೆಗೆ ಬರುತ್ತಾನೆ. ಮಕ್ಕಳಿನ್ನೂ ಪ್ರಾಥಮಿಕ ಶಾಲೆಯಲ್ಲಿ. ಇಷ್ಟು ವರ್ಷ ಬ್ಯಾರಕ್ಕಿನಲ್ಲಿ ಮಲಗಿದವನಿಗೆ ಸ್ವಂತ ಸೂರಿರುವುದಿಲ್ಲ. ಊರಿನ ಹಳೇ ಮನೆ ಅಣ್ಣತಮ್ಮಂದಿರ ಪಾಲಾಗಿರುತ್ತದೆ. ಮಳೆ ಕೈಕೊಡುವ ಚಳ್ಳಕೆರೆ ಸೀಮೆಯಲ್ಲಿ ಎರಡೆಕರೆ ಶೇಂಗಾ ಹೊಲ ನಂಬಿ ಎಷ್ಟು ದಿನ?

ಇದು ಇಂದಿನ ಕಥೆಯೂ ಅಲ್ಲ. ಎರಡನೇ ಮಹಾಯುದ್ಧ ಮುಗಿದಾಗ ಭಾರತೀಯ ಸೇನೆಯಲ್ಲಿ ಸುಮಾರು 25 ಲಕ್ಷ ಜನರಿದ್ದರು. ಎಲ್ಲರೂ ತಾವಾಗಿ ಸೇರಿದವರು. ಯುದ್ಧ ಮುಗಿಯಿತು, ಬಹುಪಾಲು ಮಂದಿಯನ್ನು ಮನೆಗೆ ಕಳಿಸಲಾಯಿತು. ಕೆಲವೇ ವರ್ಷ ದುಡಿದವರಿಗೆ ಪಿಂಚಣಿಯ ಹಕ್ಕಿರಲಿಲ್ಲ. ಅಷ್ಟರಲ್ಲಿ ದೇಶವೇ ಇಬ್ಭಾಗವಾಗಿ, ಎಷ್ಟೋ ಯೋಧರ ಊರು ಗಡಿಯ ಆಚೆಗೆ ಹೋಯಿತು. ಬರ್ಮಾದ ಕಾಡಿನಲ್ಲಿ ಕಾದಾಡಿ ಬಂದವನಿಗೆ ಹೋಗಲು ಮನೆಯೇ ಇಲ್ಲ!

ಗೆದ್ದ ದೇಶವಾದ ಬ್ರಿಟನ್ನಿನಲ್ಲೂ ಇದೇ ಪಾಡು. ನಾಗಾಸಾಕಿಯ ಮೇಲೆ ಅಣುಬಾಂಬು ಬಿದ್ದುದನ್ನು ವಿಮಾನದಿಂದ ಕಣ್ಣಾರೆ ಕಂಡ ವಾಯುಪಡೆಯ ಅಧಿಕಾರಿ ಲಿಯೊನಾರ್ಡ್ ಚೆಷೈರ್, ನೌಕರಿ ಬಿಟ್ಟು ಬಂದು, ನೆಲೆ ತಪ್ಪಿದ ಮಾಜಿ ಯೋಧರು ಒಟ್ಟಾಗಿ ಬಾಳಲೆಂದು ಒಂದು ಕಾಲೊನಿ ಕಟ್ಟಿದರು. ಅದು ಸಾಲದಲ್ಲಿ ಮುಳುಗಿತು. ಉಳಿದ ದೊಡ್ಡ ಮನೆಗೆ 1948ರಲ್ಲಿ, ಸಾಯುವ ಸ್ಥಿತಿಯಲ್ಲಿದ್ದ ಒಬ್ಬ ಮಾಜಿ ಸೈನಿಕನನ್ನು ಕರೆತಂದು ತಾವೇ ಆರೈಕೆ ಮಾಡಿದರು. ಬೆಂಗಳೂರಿನಲ್ಲೂ ಇರುವ ಚೆಷೈರ್ ಹೋಮ್‌ಗಳ ಮೂಲ ಆ ಮನೆ.

ಚೆಷೈರ್ ಮನೆಯ ಬಾಗಿಲು ತೆರೆದರು, ಕಾರ್ಯಪ್ಪ ಸಂಘಟನೆ ಕಟ್ಟಿದರು. ಅವರು ದಂಡನಾಯಕರಾಗಿದ್ದ 1949ರಲ್ಲೇ ಡಿಸೆಂಬರ್ 7ರ ಧ್ವಜ ದಿನ ಶುರುವಾಯಿತು. ಶಾಲೆಯಲ್ಲಿ ಚಿಲ್ಲರೆ ಕೊಟ್ಟು ಅಂಗಿಗೆ ಚುಚ್ಚಿಕೊಳ್ಳುವ ಪುಟ್ಟ ಧ್ವಜವಿದೆಯಲ್ಲ, ಅದರ ಹಣ ಸೇರುವುದು ಗಾಯಾಳು ಸೈನಿಕರು, ಮಾಜಿ ಸೈನಿಕರು, ಮಡಿದವರ ಕುಟುಂಬಗಳ ನಿಧಿಗೆ. ನಿವೃತ್ತಿಯ ನಂತರ ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳಲ್ಲಿ 1956ರವರೆಗೆ ಹೈಕಮಿಷನರ್ ಆಗಿದ್ದು ಕಾರ್ಯಪ್ಪ ಮಡಿಕೇರಿಯ ತಮ್ಮ ‘ರೋಶನಾರಾ’ ಮನೆಗೆ ಮರಳಿದರು. ಹಾಯಾಗಿ ತೋಟ ನೋಡಿಕೊಂಡಿರಬಹುದಿತ್ತು. 1964ರಲ್ಲಿ ಇಂಡಿಯನ್ ಎಕ್ಸ್-ಸರ್ವಿಸಸ್ ಲೀಗ್ ಸ್ಥಾಪಿಸಿದರು. ಚದುರಿಹೋದ ಮಾಜಿ ಸೈನಿಕರಿಗೆಲ್ಲ ಒಂದೇ ದನಿ ಬೇಕೆಂಬುದು ಅದರ ಉದ್ದೇಶ. ಒಂಟಿ ಸಿಪಾಯಿಯ ಅರ್ಜಿ ಕಛೇರಿಯ ಕಪಾಟಿನಲ್ಲಿ ಕೊಳೆಯುತ್ತದೆ, ಸಾವಿರ ಜನ ಸೇರಿ ಕೊಟ್ಟ ಅರ್ಜಿಗೆ ಉತ್ತರ ಬರುತ್ತದೆ. ಪಿಂಚಣಿಯಿಲ್ಲದ ಮಹಾಯುದ್ಧದ ಮುದುಕರಿಗೆ, ಅವರ ವಿಧವೆಯರಿಗೆ ಕಾಮನ್‌ವೆಲ್ತ್ ಸಂಸ್ಥೆಯ ನೆರವು ತಲುಪುವುದಕ್ಕೂ ಈ ಲೀಗೇ ದಾರಿಯಾಯಿತು.

ಸಿಪಾಯಿ ಎಂದರೆ ಅವರಿಗೆ ಬರೀ ಭಾಷಣದ ಮಾತಾಗಿರಲಿಲ್ಲ. 1965ರ ಯುದ್ಧದಲ್ಲಿ ಅವರ ಮಗ, ವಾಯುಪಡೆಯ ಫ್ಲೈಟ್ ಲೆಫ್ಟಿನೆಂಟ್, ಪಾಕಿಸ್ತಾನದಲ್ಲಿ ಸೆರೆಸಿಕ್ಕರು. ಅಲ್ಲಿನ ಅಧ್ಯಕ್ಷ ಅಯೂಬ್ ಖಾನ್ ಹಿಂದೆ ಅದೇ ಸೇನೆಯಲ್ಲಿದ್ದು ಕಾರ್ಯಪ್ಪನವರನ್ನು ಬಲ್ಲವರು. ಬಿಡುಗಡೆಯ ಮಾತೆತ್ತಿದರಂತೆ. ಸೆರೆಯಾದ ಪ್ರತಿಯೊಬ್ಬನೂ ತನ್ನ ಮಗನೇ, ಒಬ್ಬನಿಗೆ ವಿಶೇಷ ಬೇಡ ಎಂಬರ್ಥದ ಉತ್ತರ ಹೋಯಿತು. ಮಗ ಬಿಡುಗಡೆಯಾದದ್ದು 1966ರ ಜನವರಿಯಲ್ಲಿ.

1986ರಲ್ಲಿ ಅವರಿಗೆ ಫೀಲ್ಡ್ ಮಾರ್ಷಲ್ ಪದವಿ ಬಂತು. 1993ರ ಮೇ 15ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಅವರು ಹೊತ್ತ ಪ್ರಶ್ನೆ ಮಾತ್ರ ತೀರಲಿಲ್ಲ, ಈಗ ಇನ್ನಷ್ಟು ಚಿಕ್ಕ ವಯಸ್ಸಿಗೆ ಇಳಿದಿದೆ. 2022ರಿಂದ ಜಾರಿಯಲ್ಲಿರುವ ಅಗ್ನಿಪಥ ಯೋಜನೆಯಲ್ಲಿ ಸೇವೆ ನಾಲ್ಕು ವರ್ಷ. ನೂರರಲ್ಲಿ ಇಪ್ಪತ್ತೈದು ಮಂದಿಯವರೆಗೆ ಮುಂದುವರಿಯಬಹುದು. ಉಳಿದವರು ಸುಮಾರು ಹನ್ನೊಂದೂಮುಕ್ಕಾಲು ಲಕ್ಷ ರೂಪಾಯಿಯ ಸೇವಾ ನಿಧಿಯೊಂದಿಗೆ ಹೊರಬರುತ್ತಾರೆ, ಪಿಂಚಣಿಯಿಲ್ಲ, ಮಾಜಿ ಸೈನಿಕನೆಂಬ ಸ್ಥಾನವೂ ಇಲ್ಲ. ಆ ಹೊತ್ತಿಗೆ ಹುಡುಗನಿಗೆ ಇನ್ನೂ ಚಿಕ್ಕ ವಯಸ್ಸು. ಬೆಳಗಿನ ಜಾವ ಮೈದಾನದಲ್ಲಿ ಓಡುತ್ತಿರುವ ಮಗನಿಗೆ ಹಾಲು ಮೊಟ್ಟೆ ಕೊಡುವ ತಂದೆ ತಾಯಿ, ಐದನೆಯ ವರ್ಷ ಅವನೇನು ಮಾಡುತ್ತಾನೆಂಬುದನ್ನೂ ಈಗಲೇ ಕೂತು ಮಾತಾಡುವುದು ಒಳ್ಳೆಯದು. ಪಿಯುಸಿಯನ್ನೋ ಐಟಿಐಯನ್ನೋ ಅರ್ಧಕ್ಕೆ ಬಿಟ್ಟು ಹೋದವನಿಗೆ ಮರಳಿದಾಗ ಕಷ್ಟ ಹೆಚ್ಚು.

ಹಳೆಯ ಕ್ರಮದಲ್ಲಿ ಸೇವೆ ಮುಗಿಸಿದ ಅಜ್ಜನೋ ಚಿಕ್ಕಪ್ಪನೋ ಮನೆಯಲ್ಲಿದ್ದರೆ ಅವರ ಡಿಸ್‌ಚಾರ್ಜ್ ಬುಕ್ ಎಲ್ಲಿದೆ ಎಂದು ಮಕ್ಕಳೇ ಹುಡುಕಿ ತೆಗೆದಿಡಲಿ. ಗುರುತಿನ ಚೀಟಿ, 2003ರಲ್ಲಿ ಆರಂಭವಾದ ಮಾಜಿ ಸೈನಿಕರ ಆರೋಗ್ಯ ಯೋಜನೆ, ಸರಕಾರಿ ಜಮೀನು ಮಂಜೂರಾತಿಯಲ್ಲಿನ ಪಾಲು, ಎಲ್ಲಕ್ಕೂ ಮೊದಲು ಕೇಳುವುದು ಅದನ್ನೇ. ರಾಜ್ಯದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಛೇರಿ ಬೆಂಗಳೂರಿನ ಹಳೆಯ ರೆಸಿಡೆನ್ಸಿ ರಸ್ತೆಯಲ್ಲಿದೆ. ಕಟ್ಟಡಕ್ಕೂ ಆ ರಸ್ತೆಗೂ ಈಗ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರದೇ ಹೆಸರು.