ತೊಂಬತ್ತು ನಿಮಿಷಗಳ ಆಚೆಗಿನ ಆಟ: ಒಂದು ಸಣ್ಣ ಫುಟ್‌ಬಾಲ್ ಕ್ಲಬ್ ಉಳಿದ ಬಗೆ

ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್‌ಗಳ ಆಡಳಿತಕ್ಕೆ ಸಂಬಂಧಿಸಿದ ಮಸೂದೆಯೊಂದು 2025ರ ಜುಲೈ 21ರಂದು ಅಲ್ಲಿನ ಅರಸರ ಅಂಕಿತ ಪಡೆದು ಕಾಯ್ದೆಯಾಯಿತು. ಪುರುಷರ ಫುಟ್‌ಬಾಲಿನ ಮೇಲಿನ ಐದು ಹಂತಗಳಲ್ಲಿರುವ 116 ಕ್ಲಬ್‌ಗಳು ಇನ್ನು ಮುಂದೆ ಸ್ವತಂತ್ರ ನಿಯಂತ್ರಕರೊಬ್ಬರ ಮೇಲ್ವಿಚಾರಣೆಗೆ ಒಳಪಡಬೇಕು, ಪರವಾನಗಿ ಪಡೆದೇ ನಡೆಯಬೇಕು ಎಂಬುದು ಅದರ ಸಾರಾಂಶ. ಒಂದು ಆಟವನ್ನು ನಡೆಸುವುದಕ್ಕೆ ಸಂಸತ್ತೇ ಕಾನೂನು ಮಾಡಬೇಕಾಯಿತೇ ಎಂದು ಯಾರಿಗಾದರೂ ಅನಿಸಬಹುದು. ಉತ್ತರ ಮೈದಾನದ ಒಳಗಿಲ್ಲ. ಅದು ಕ್ಲಬ್ಬಿನ ಕಚೇರಿಯಲ್ಲಿ, ಲೆಕ್ಕದ ಪುಸ್ತಕದಲ್ಲಿ ಮತ್ತು ಕ್ಲಬ್ಬಿಗೂ ಊರಿಗೂ ಇರುವ ಸಂಬಂಧದಲ್ಲಿದೆ. ಸಂಘ ಸಂಸ್ಥೆಗಳಲ್ಲಿ ದುಡಿಯುವ ನಾವೆಲ್ಲರೂ ತಿಳಿಯಬೇಕಾದ ಕೆಲವು ಸಂಗತಿಗಳು ಇದರಲ್ಲಿವೆ.

ಗೆದ್ದು ಮುಳುಗಿದ ಕ್ಲಬ್

ಮೊದಲು ಬೆರಿ ಎಂಬ ಊರಿನ ಕಥೆ. ಮ್ಯಾಂಚೆಸ್ಟರ್ ಸಮೀಪದ ಈ ಪಟ್ಟಣದ ಕ್ಲಬ್ ಹುಟ್ಟಿದ್ದು 1885ರಲ್ಲಿ. 1900 ಮತ್ತು 1903ರಲ್ಲಿ ಎಫ್.ಎ. ಕಪ್ ಗೆದ್ದ ಹಿರಿಮೆ ಅದರದ್ದು. 2018ರ ಡಿಸೆಂಬರಿನಲ್ಲಿ ಸಾಲದ ಹೊರೆ ಹೊತ್ತಿದ್ದ ಈ ಕ್ಲಬ್ಬನ್ನು ಉದ್ಯಮಿಯೊಬ್ಬರು ಕೇವಲ ಒಂದು ಪೌಂಡಿಗೆ ಖರೀದಿಸಿದರು. ಹಿಂದಿನವರ ಕಾಲದಲ್ಲಿ ಮೈದಾನವನ್ನೇ ಅಡವಿಟ್ಟು ಸಾಲ ತರಲಾಗಿತ್ತು. ಆಟಗಾರರಿಗೆ ಸಂಬಳ ಸರಿಯಾಗಿ ಸಿಗುತ್ತಿರಲಿಲ್ಲ. ಆದರೂ 2019ರ ವಸಂತದಲ್ಲಿ ತಂಡ ಚೆನ್ನಾಗಿ ಆಡಿ ಮೇಲಿನ ದರ್ಜೆಗೆ ಬಡ್ತಿ ಪಡೆಯಿತು. ಊರವರು ಸಂಭ್ರಮಿಸಿದರು. ಕೆಲವೇ ತಿಂಗಳಲ್ಲಿ, ಅದೇ ವರ್ಷದ ಆಗಸ್ಟ್ 27ರಂದು, ಹಣಕಾಸಿನ ಭರವಸೆ ಕೊಡಲಾಗದ ಕಾರಣಕ್ಕೆ ಬೆರಿ ಕ್ಲಬ್ಬನ್ನು ಲೀಗಿನಿಂದ ಹೊರಹಾಕಲಾಯಿತು.

ಮೈದಾನದಲ್ಲಿ ಗೆದ್ದ ವರ್ಷವೇ ಕ್ಲಬ್ಬು ಮುಳುಗಿತು ಎಂಬುದನ್ನು ಗಮನಿಸಬೇಕು. ಸೋತಿದ್ದು ಹನ್ನೊಂದು ಆಟಗಾರರಲ್ಲ. ಆದರೆ ಅದರ ನಷ್ಟ ತಟ್ಟಿದ್ದು ಆಟಗಾರರಿಗೆ, ಕೆಲಸಗಾರರಿಗೆ, ಮೈದಾನದ ಸುತ್ತಲಿನ ಅಂಗಡಿಯವರಿಗೆ ಮತ್ತು ಶನಿವಾರ ಮಧ್ಯಾಹ್ನ ಅದೇ ಆಸನದಲ್ಲಿ ಕುಳಿತು ಅಭ್ಯಾಸವಾಗಿದ್ದ ಹಿರಿಯರಿಗೆ. ಅಭಿಮಾನಿಗಳು ಛಲ ಬಿಡದೆ 2022ರಲ್ಲಿ ಮೈದಾನವನ್ನು ಮರಳಿ ಪಡೆದರು. 2023ರಲ್ಲಿ ಎರಡು ಬಣಗಳು ಒಂದಾಗಿ ಕ್ಲಬ್ಬನ್ನು ಮತ್ತೆ ಆಟಕ್ಕಿಳಿಸಿದವು. ಆದರೆ ಲೀಗಿನ ಕೆಳಗಿನ ಹಂತಗಳಿಂದ ಹೊಸದಾಗಿ ಆರಂಭಿಸಬೇಕಾಯಿತು.

ಚಮಚೆ ಬಗ್ಗಿಸುವವರ ಕಾಲ

ಇದೇ ಗತಿ ಕಾಣಬೇಕಾಗಿದ್ದ ಇನ್ನೊಂದು ಕ್ಲಬ್ ಬೇರೆ ದಾರಿ ಹಿಡಿಯಿತು. ಅದು ಎಕ್ಸೆಟರ್ ಸಿಟಿ. ಇಂಗ್ಲೆಂಡಿನ ನೈಋತ್ಯ ಭಾಗದ ಡೆವನ್ ಪ್ರಾಂತ್ಯದ ಎಕ್ಸೆಟರ್, ಸುಮಾರು 1.3 ಲಕ್ಷ ಜನರಿರುವ ನಗರ. ಬ್ರೆಜಿಲ್ ರಾಷ್ಟ್ರೀಯ ತಂಡ 1914ರ ಜುಲೈಯಲ್ಲಿ ರಿಯೋ ನಗರದಲ್ಲಿ ಆಡಿದ ತನ್ನ ಮೊತ್ತಮೊದಲ ಪಂದ್ಯದಲ್ಲಿ ಎದುರಾಳಿಯಾಗಿದ್ದದ್ದು ಇದೇ ಸಣ್ಣ ಕ್ಲಬ್. ಆ ಒಂದು ನೆನಪನ್ನು ಬಿಟ್ಟರೆ ದೊಡ್ಡ ಟ್ರೋಫಿಗಳ ಚರಿತ್ರೆ ಅದಕ್ಕಿಲ್ಲ.

2002ರಲ್ಲಿ ಕ್ಲಬ್ಬಿನ ಆಡಳಿತ ಹೊಸಬರ ಕೈಸೇರಿತು. ಚಮಚೆ ಬಗ್ಗಿಸುವ ಪ್ರದರ್ಶನದಿಂದ ಹೆಸರಾದ ಯೂರಿ ಗೆಲ್ಲರ್ ಸಹ ಅಧ್ಯಕ್ಷರಾದರು. ಆ ವರ್ಷದ ಜೂನ್ ತಿಂಗಳಲ್ಲಿ ಗಾಯಕ ಮೈಕೆಲ್ ಜಾಕ್ಸನ್ ಅವರನ್ನೇ ಕ್ಲಬ್ಬಿನ ಮೈದಾನಕ್ಕೆ ಕರೆತರಲಾಯಿತು. ಜಗತ್ತಿನ ಕ್ಯಾಮರಾಗಳು ಆ ಪುಟ್ಟ ಮೈದಾನದತ್ತ ತಿರುಗಿದವು. ಇಷ್ಟೆಲ್ಲ ಗದ್ದಲದ ನಡುವೆ ಬಿಲ್ಲುಗಳ ಪಾವತಿ ಆಗುತ್ತಿದೆಯೇ ಎಂದು ಕೇಳುವವರು ಕಡಿಮೆಯಾದರು. ಮರುವರ್ಷ, 2003ರ ಮೇ ತಿಂಗಳಲ್ಲಿ ತಂಡ ಫುಟ್‌ಬಾಲ್ ಲೀಗಿನಿಂದಲೇ ಕೆಳಗಿಳಿಯಿತು. ಅದರ ಬೆನ್ನಿಗೇ ಆಡಳಿತಗಾರರ ಬಂಧನವಾಯಿತು. ಅಂದಿನ ಅಧ್ಯಕ್ಷರಿಗೆ ವಂಚನೆಯ ವ್ಯವಹಾರದ ಅಪರಾಧಕ್ಕಾಗಿ 2007ರಲ್ಲಿ ಜೈಲು ಶಿಕ್ಷೆಯಾಯಿತು. ಕ್ಲಬ್ಬಿನಲ್ಲಿ ಉಳಿದದ್ದು ಸಾಲ ಮತ್ತು ಸಾಲಗಾರರ ಪಟ್ಟಿ.

ಒಬ್ಬ ಸದಸ್ಯ, ಒಂದು ಮತ

ಆ ಸಮಯದಲ್ಲಿ ಮುಂದೆ ಬಂದದ್ದು ಅಭಿಮಾನಿಗಳೇ ಕಟ್ಟಿಕೊಂಡಿದ್ದ ಸಪೋರ್ಟರ್ಸ್ ಟ್ರಸ್ಟ್. ಟ್ರಸ್ಟ್ ಎಂದು ಹೆಸರಿದ್ದರೂ ಅದರ ಸ್ವರೂಪ ನಮ್ಮ ಕರಾವಳಿಯವರಿಗೆ ಚೆನ್ನಾಗಿ ಗೊತ್ತಿರುವ ಸಹಕಾರಿ ಸಂಘದಂತೆಯೇ. ಸಣ್ಣ ವಂತಿಗೆ ಕೊಟ್ಟವರೆಲ್ಲ ಸದಸ್ಯರು. ಹೆಚ್ಚು ಹಣ ಕೊಟ್ಟವರಿಗೂ ಕಡಿಮೆ ಕೊಟ್ಟವರಿಗೂ ಇರುವುದು ಒಂದೇ ಮತ. 2003ರ ಸೆಪ್ಟೆಂಬರಿನಲ್ಲಿ ಈ ಟ್ರಸ್ಟ್ ಕ್ಲಬ್ಬಿನ ಬಹುಪಾಲು ಷೇರುಗಳನ್ನು ಖರೀದಿಸಿತು. ಕಚೇರಿಯ ಕೆಲಸಕ್ಕೂ ಮೈದಾನದ ದುರಸ್ತಿಗೂ ಅಭಿಮಾನಿಗಳೇ ಸ್ವಯಂಸೇವಕರಾಗಿ ನಿಂತರು. ಸಾಲ ಕೊಟ್ಟವರೊಡನೆ ಕುಳಿತು ಮಾತನಾಡಿ ಮರುಪಾವತಿಯ ಒಪ್ಪಂದಕ್ಕೆ ಬರಲಾಯಿತು.

ಅದೃಷ್ಟವೂ ಒಂದಿಷ್ಟು ಜೊತೆಗೂಡಿತು. ಎಫ್.ಎ. ಕಪ್ ಪಂದ್ಯಾವಳಿಯಲ್ಲಿ ಎಕ್ಸೆಟರಿಗೆ ಎದುರಾಳಿಯಾಗಿ ಮ್ಯಾಂಚೆಸ್ಟರ್ ಯುನೈಟೆಡ್ ಸಿಕ್ಕಿತು. 2005ರ ಜನವರಿ 8ರಂದು ಓಲ್ಡ್ ಟ್ರಾಫರ್ಡಿನಲ್ಲಿ 67 ಸಾವಿರಕ್ಕೂ ಹೆಚ್ಚು ಜನರ ಮುಂದೆ ಈ ಐದನೆಯ ದರ್ಜೆಯ ತಂಡ ಒಂದೂ ಗೋಲು ಬಿಟ್ಟುಕೊಡದೆ ಸಮಬಲ ಸಾಧಿಸಿತು. ನಿಯಮದಂತೆ ಮರುಪಂದ್ಯ ಎಕ್ಸೆಟರಿನಲ್ಲಿ ನಡೆಯಿತು. ಅದರಲ್ಲಿ 0-2ರಿಂದ ಸೋತರೂ ಎರಡು ಪಂದ್ಯಗಳ ಟಿಕೆಟ್ ಮತ್ತು ದೂರದರ್ಶನದ ಹಣದಿಂದ ಸಾಲದ ಹೊರೆ ಇಳಿಯಿತು.

ಇಲ್ಲಿ ನಾವು ಗಮನಿಸಬೇಕಾದದ್ದು ಆ ಹಣವನ್ನು ಬಳಸಿದ ರೀತಿ. ಅನಿರೀಕ್ಷಿತವಾಗಿ ಹಣ ಬಂದಾಗ ಹೆಸರಾಂತ ಆಟಗಾರನನ್ನು ತರೋಣ ಎಂಬ ಆಸೆ ಯಾವ ಕ್ಲಬ್ಬಿಗೂ ಸಹಜ. ಎಕ್ಸೆಟರ್ ಮೊದಲು ಹಳೆಯ ಬಾಕಿ ತೀರಿಸಿತು. 2008ರಲ್ಲಿ ತಂಡ ಲೀಗಿಗೆ ಮರಳಿತು, 2009ರಲ್ಲಿ ಇನ್ನೊಂದು ಮೆಟ್ಟಿಲು ಏರಿತು. 2012ರಲ್ಲಿ ಕೆಳಗಿಳಿದು, 2022ರಲ್ಲಿ ಮತ್ತೆ ಮೇಲೇರಿತು. 2006ರಲ್ಲಿ ಬಂದ ತರಬೇತುದಾರ ಪಾಲ್ ಟಿಸ್ಡೇಲ್ 2018ರವರೆಗೆ ಹನ್ನೆರಡು ವರ್ಷ ಅಲ್ಲೇ ಇದ್ದರು. ನಾಲ್ಕು ಪಂದ್ಯ ಸೋತರೆ ತರಬೇತುದಾರನನ್ನು ಮನೆಗೆ ಕಳುಹಿಸುವ ಇಂದಿನ ಫುಟ್‌ಬಾಲಿನಲ್ಲಿ ಇದು ಅಪರೂಪದ ತಾಳ್ಮೆ.

ಬೆಳೆಸಿದ ಮಕ್ಕಳೇ ಬಂಡವಾಳ

ಹಣವಂತ ಯಜಮಾನರಿಲ್ಲದ ಕ್ಲಬ್ಬಿಗೆ ಆದಾಯ ಎಲ್ಲಿಂದ? ಎಕ್ಸೆಟರ್ ಕಂಡುಕೊಂಡ ಮುಖ್ಯ ಉತ್ತರ ತನ್ನ ಸುತ್ತಮುತ್ತಲಿನ ಮಕ್ಕಳಿಗೆ ತರಬೇತಿ ಕೊಡುವ ಅಕಾಡೆಮಿ. ಇಲ್ಲಿ ಬೆಳೆದ ಮ್ಯಾಟ್ ಗ್ರೈಮ್ಸ್ 2015ರಲ್ಲಿ ಸ್ವಾನ್ಸಿಗೆ ಹೋದರು. ಹದಿನೈದನೆಯ ವಯಸ್ಸಿಗೇ ಹಿರಿಯರ ತಂಡದಲ್ಲಿ ಆಡಿದ ಈಥನ್ ಅಂಪಾಡು 2017ರಲ್ಲಿ ಚೆಲ್ಸಿ ಸೇರಿದರು. ಅದೇ ವರ್ಷ ಓಲಿ ವಾಟ್ಕಿನ್ಸ್ ಬ್ರೆಂಟ್‌ಫರ್ಡಿಗೆ ಹೋದರು. 2020ರಲ್ಲಿ ಅವರನ್ನು ಆಸ್ಟನ್ ವಿಲ್ಲಾ ದೊಡ್ಡ ಮೊತ್ತಕ್ಕೆ ಖರೀದಿಸಿದಾಗ, ಮೊದಲೇ ಬರೆದುಕೊಂಡಿದ್ದ ಒಪ್ಪಂದದಂತೆ ಎಕ್ಸೆಟರಿಗೂ ಒಂದು ಪಾಲು ಬಂತು. 2024ರ ಯುರೋ ಕಪ್ ಸೆಮಿಫೈನಲ್‌ನ ಕೊನೆಯ ಗಳಿಗೆಯಲ್ಲಿ ನೆದರ್ಲೆಂಡ್ಸ್ ವಿರುದ್ಧ ಗೋಲು ಹೊಡೆದು ಇಂಗ್ಲೆಂಡನ್ನು ಫೈನಲಿಗೆ ತಲುಪಿಸಿದವರು ಇದೇ ವಾಟ್ಕಿನ್ಸ್.

ಒಪ್ಪಂದದ ಆ ಒಂದು ಸಾಲನ್ನು ಬರೆಸಿದವರು ಯಾರೆಂದು ಪ್ರೇಕ್ಷಕರು ಕೇಳುವುದಿಲ್ಲ. ಅವರಿಗೆ ಪದಕವೂ ಸಿಗುವುದಿಲ್ಲ. ಆದರೆ ಸಣ್ಣ ಸಂಸ್ಥೆಗಳನ್ನು ಉಳಿಸುವುದು ಇಂಥ ಎಚ್ಚರದ ಕೆಲಸವೇ.

ಊರಿನೊಡನೆ ಬಾಳುವುದು

ಆಡಳಿತದಷ್ಟೇ ಮುಖ್ಯವಾದದ್ದು ಸಮುದಾಯದ ಸಂಬಂಧ. ಇಂಗ್ಲೆಂಡಿನಲ್ಲಿ ಆಟಗಾರರ ಸಂಘದ ಪ್ರಯತ್ನದಿಂದ 1986ರಲ್ಲಿ ಕೆಲವು ಕ್ಲಬ್‌ಗಳು ಆರಂಭಿಸಿದ ಸಮುದಾಯ ಕಾರ್ಯಕ್ರಮ ಇಂದು ಎಲ್ಲ ವೃತ್ತಿಪರ ಕ್ಲಬ್‌ಗಳಿಗೂ ಹಬ್ಬಿದೆ. ಎಕ್ಸೆಟರಿನಲ್ಲಿ ಇದಕ್ಕಾಗಿಯೇ ಪ್ರತ್ಯೇಕ ಸೇವಾ ಸಂಸ್ಥೆಯಿದೆ. ಶಾಲೆಗಳಲ್ಲಿ ಆಟದ ತರಗತಿ, ಅಂಗವಿಕಲರಿಗೆ ಫುಟ್‌ಬಾಲ್, ಓಡಲಾಗದ ಹಿರಿಯರಿಗೆ ನಡೆಯುತ್ತಲೇ ಆಡುವ ಫುಟ್‌ಬಾಲ್, ಮಾನಸಿಕವಾಗಿ ಕುಗ್ಗಿದವರಿಗೆ ಜೊತೆ ಸೇರುವ ಅವಕಾಶ ಇವೆಲ್ಲ ಅದರ ಕೆಲಸಗಳು.

ಇವನ್ನೆಲ್ಲ ಪ್ರಚಾರಕ್ಕಾಗಿ ಮಾಡುತ್ತಾರೆ ಎಂದು ಟೀಕಿಸುವವರಿದ್ದಾರೆ. ಕೆಲವೆಡೆ ಅದು ನಿಜವೂ ಇರಬಹುದು. ನಮ್ಮ ದೃಷ್ಟಿಯಲ್ಲಿ ಪರೀಕ್ಷೆ ಸರಳ: ಕ್ಲಬ್ ಕಷ್ಟದಲ್ಲಿದ್ದಾಗ ಜನರು ಬರುತ್ತಾರೆಯೇ? ಜನರು ಕಷ್ಟದಲ್ಲಿದ್ದಾಗ ಕ್ಲಬ್ ಹೋಗುತ್ತದೆಯೇ? 2003ರಲ್ಲಿ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿತು. ಎರಡನೆಯದಕ್ಕೆ ಉತ್ತರ 2010ರಲ್ಲಿ ಸಿಕ್ಕಿತು. ಆ ವರ್ಷದ ಆಗಸ್ಟಿನಲ್ಲಿ ತಂಡದ ಮುನ್ಪಡೆ ಆಟಗಾರ ಆಡಂ ಸ್ಟಾನ್ಸ್‌ಫೀಲ್ಡ್ 31ರ ಹರೆಯದಲ್ಲಿ ಕರುಳಿನ ಕ್ಯಾನ್ಸರಿನಿಂದ ತೀರಿಕೊಂಡರು. ಅವರು ತೊಡುತ್ತಿದ್ದ 9ನೇ ಸಂಖ್ಯೆಯ ಅಂಗಿಯನ್ನು ಕ್ಲಬ್ ಒಂಬತ್ತು ಋತುಗಳ ಕಾಲ ಬೇರೆ ಯಾರಿಗೂ ಕೊಡಲಿಲ್ಲ. ಅವರ ಹೆಸರಿನಲ್ಲಿ ಪ್ರತಿಷ್ಠಾನ ಹುಟ್ಟಿತು, ಮೈದಾನದ ಹೊಸ ಗ್ಯಾಲರಿಗೆ ಅವರ ಹೆಸರಿಡಲಾಯಿತು. 2022ರಲ್ಲಿ ಅವರ ಮಗ ಜೇ ಎರವಲು ಆಟಗಾರನಾಗಿ ಬಂದು ಅದೇ 9ನೇ ಸಂಖ್ಯೆ ತೊಟ್ಟು ಆಡಿದರು. ಅಗಲಿದವರ ಕುಟುಂಬವನ್ನು ಮರೆಯದ ಇಂಥ ಸಂಸ್ಥೆಯನ್ನು ಊರವರು ತಮ್ಮದೆಂದು ಭಾವಿಸಿದರೆ ಆಶ್ಚರ್ಯವಿಲ್ಲ.

ಇತಿಮಿತಿಗಳೂ ಇವೆ

ಹಾಗೆಂದು ಅಭಿಮಾನಿಗಳ ಒಡೆತನವೊಂದೇ ಎಲ್ಲ ರೋಗಗಳಿಗೂ ಮದ್ದು ಎಂದು ನಾವು ಹೇಳಲಾರೆವು. 2014ರಲ್ಲಿ ಎಕ್ಸೆಟರಿಗೂ ಕೈ ಬರಿದಾಗಿ ಆಟಗಾರರ ಸಂಘದಿಂದ ತುರ್ತು ಸಾಲ ಪಡೆಯಬೇಕಾಯಿತು. ಸದಸ್ಯರ ಸಭೆಯಲ್ಲಿ ಒಮ್ಮತ ಮೂಡಿಸುವುದು ನಿಧಾನದ ಕೆಲಸ. ಸ್ಪರ್ಧಿ ಕ್ಲಬ್ಬಿನ ಮಾಲೀಕರು ನಷ್ಟವನ್ನು ಕಿಸೆಯಿಂದ ತುಂಬುವಾಗ ಇವರು ಟಿಕೆಟಿನ ಹಣ ಎಣಿಸುತ್ತಿರಬೇಕು. ವೇಲ್ಸಿನ ರೆಕ್ಸಂ ಕ್ಲಬ್ ಕೂಡ 2011ರಿಂದ ಅಭಿಮಾನಿಗಳ ಕೈಯಲ್ಲಿತ್ತು. ಚಲನಚಿತ್ರ ನಟ ರಯಾನ್ ರೆನಾಲ್ಡ್ಸ್ ಮತ್ತು ಅವರ ಗೆಳೆಯ ಖರೀದಿಗೆ ಮುಂದಾದಾಗ ಮತ ಹಾಕಿದ ಸದಸ್ಯರಲ್ಲಿ ಶೇಕಡಾ 98ಕ್ಕೂ ಹೆಚ್ಚು ಮಂದಿ ಒಪ್ಪಿದರು. 2021ರಲ್ಲಿ ಕ್ಲಬ್ ಕೈಬದಲಾಯಿಸಿ, ಬಳಿಕ ಸತತ ಬಡ್ತಿ ಪಡೆಯಿತು. ಅವರನ್ನು ದೂರಲು ಕಾರಣವಿಲ್ಲ. ಆದರೆ ಒಳ್ಳೆಯ ಯಜಮಾನ ಸಿಗುವುದು ಅದೃಷ್ಟ, ಒಳ್ಳೆಯ ವ್ಯವಸ್ಥೆ ಕಟ್ಟುವುದು ನಮ್ಮ ಕೈಯಲ್ಲಿರುವ ಕೆಲಸ.

ಆ ಅದೃಷ್ಟ ಕೆಟ್ಟರೆ ಏನಾಗುತ್ತದೆಂಬುದಕ್ಕೆ ಸಮುದ್ರ ತೀರದ ಮೋರ್ಕಂಬ್ ಪಟ್ಟಣ ಸಾಕ್ಷಿ. 2025ರ ಬೇಸಗೆಯಲ್ಲಿ ಸಂಬಳ ಬಾಕಿಯಾಗಿ ಆ ಊರಿನ ಕ್ಲಬ್ಬನ್ನು ಲೀಗಿನಿಂದ ಅಮಾನತು ಮಾಡಲಾಯಿತು. ಆಗಸ್ಟ್ ನಡುವಿನಲ್ಲಿ ಪಂಜಾಬ್ ವಾರಿಯರ್ಸ್ ಎಂಬ ಹೂಡಿಕೆದಾರರ ಗುಂಪು ಖರೀದಿಸಿದ್ದರಿಂದ ಅದು ಕೊನೆಯ ಕ್ಷಣದಲ್ಲಿ ಉಳಿಯಿತು. ಹೊಸ ಕಾಯ್ದೆ ತಡೆಯಲು ಹೊರಟಿರುವುದು ಇಂಥ ಅನಾಹುತಗಳನ್ನೇ. ಮಾಲೀಕರಾಗ ಬಯಸುವವರ ಯೋಗ್ಯತೆ ಮತ್ತು ಹಣದ ಮೂಲ ಪರಿಶೀಲಿಸುವುದು, ಹಣಕಾಸಿನ ಯೋಜನೆ ಕೇಳುವುದು, ಅನುಮತಿಯಿಲ್ಲದೆ ಮೈದಾನ ಮಾರದಂತೆ ತಡೆಯುವುದು, ಲಾಂಛನ ಮತ್ತು ಬಣ್ಣದಂಥ ವಿಷಯಗಳಲ್ಲಿ ಅಭಿಮಾನಿಗಳ ಅಭಿಪ್ರಾಯ ಪಡೆಯುವಂತೆ ಮಾಡುವುದು ನಿಯಂತ್ರಕರ ಕರ್ತವ್ಯ.

ನಮ್ಮ ರಾಜ್ಯಕ್ಕೂ ಇದು ದೂರದ ಮಾತಲ್ಲ. 2018-19ರ ಇಂಡಿಯನ್ ಸೂಪರ್ ಲೀಗ್ ಗೆದ್ದ ಬೆಂಗಳೂರು ಎಫ್.ಸಿ., ಲೀಗಿನ ಭವಿಷ್ಯವೇ ಅನಿಶ್ಚಿತವಾದ ಕಾರಣ 2025ರ ಆಗಸ್ಟಿನಲ್ಲಿ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳ ತಡೆಹಿಡಿಯುವುದಾಗಿ ಪ್ರಕಟಿಸಿತು. ಗೆಲುವಿನ ಟ್ರೋಫಿ ಕಪಾಟಿನಲ್ಲಿದ್ದ ಮಾತ್ರಕ್ಕೆ ಬುನಾದಿ ಭದ್ರ ಎನ್ನಲಾಗದು.

ನಮ್ಮಲ್ಲಿ ಅನೇಕರು ಒಂದಲ್ಲ ಒಂದು ಸಂಘದ ಕಾರ್ಯದರ್ಶಿಗಳು, ಖಜಾಂಚಿಗಳು ಅಥವಾ ಕೇವಲ ಸದಸ್ಯರು. ವಾರ್ಷಿಕ ಮಹಾಸಭೆಗೆ ಹೋಗದೆ, ಲೆಕ್ಕಪತ್ರ ಓದದೆ, ದೊಡ್ಡ ದಾನಿ ಸಿಕ್ಕಿದರೆ ಎಲ್ಲ ಸರಿಹೋಗುತ್ತದೆ ಎಂದು ನಂಬುವ ಅಭ್ಯಾಸ ನಮ್ಮಲ್ಲೂ ಇದೆ. ದಾನಿಗೆ ಕೃತಜ್ಞರಾಗಿರೋಣ, ಆದರೆ ಬೀಗದ ಕೈಯನ್ನೂ ಅವರಿಗೇ ಒಪ್ಪಿಸಿ ಕೈತೊಳೆದುಕೊಳ್ಳುವುದು ಬೇಡ. ಎಕ್ಸೆಟರಿನ ಜನರು ಪ್ರಶ್ನೆ ಕೇಳಲು ಕಲಿತದ್ದು ಎಲ್ಲವೂ ಕೈಬಿಟ್ಟುಹೋಗುವ ಹಂತದಲ್ಲಿ. ನಮಗೆ ಆ ಹಂತ ಬರುವ ಮೊದಲೇ ಕೇಳುವ ಅವಕಾಶವಿದೆ. ಮುಂದಿನ ಮಹಾಸಭೆಯ ಸೂಚನಾ ಪತ್ರ ಕೈಗೆ ಬಂದಾಗ ಅದನ್ನು ಬದಿಗಿಡದೆ, ದಿನಾಂಕ ಬರೆದಿಟ್ಟುಕೊಂಡು ಹೋಗಿ ಬರೋಣ.