ನಾಗರತ್ನಮ್ಮನವರೂ ಮರ್ಯಾದಸ್ಥರೂ

ಪುಷ್ಯ ಬಹುಳ ಪಂಚಮಿಯು ಬಂದಿತೆಂದರೆ ಊರೂರಿನ ಸಂಗೀತಸಭೆಗಳಲ್ಲಿ ತ್ಯಾಗರಾಜಸ್ವಾಮಿಗಳ ಆರಾಧನೆಯು ನಡೆಯುತ್ತದೆ. ಪಂಚರತ್ನ ಕೃತಿಗಳ ಗೋಷ್ಠಿಗಾಯನವಾದ ಮೇಲೆ ಹಿರಿಯರೊಬ್ಬರು ಎದ್ದು ನಾಲ್ಕು ಮಾತನಾಡುವುದುಂಟು. ಆ ನಾಲ್ಕರಲ್ಲಿ ಒಂದು ಮಾತು ಬೆಂಗಳೂರು ನಾಗರತ್ನಮ್ಮನವರಿಗೆ ಮೀಸಲು. ತಿರುವೈಯಾರಿನಲ್ಲಿ ಹಾಳುಬಿದ್ದಿದ್ದ ಸಮಾಧಿಗೆ ತನ್ನ ಒಡವೆಗಳನ್ನು ಮಾರಿ ಮಂದಿರವನ್ನು ಕಟ್ಟಿಸಿದ ಮಹಾಸಾಧ್ವಿ ಎಂದು ಹೊಗಳಿ, ಕೈಮುಗಿದು, ಭಾಷಣಕಾರರು ಕುಳಿತುಬಿಡುತ್ತಾರೆ. ಆ ಸಾಧ್ವಿಯು ಯಾರ ಮಗಳು, ಒಡವೆಗಳು ಎಲ್ಲಿಂದ ಬಂದುವು, 1911ರಲ್ಲಿ ಸರ್ಕಾರವು ಆಕೆಯ ಪುಸ್ತಕವನ್ನು ಏಕೆ ಜಪ್ತಿ ಮಾಡಿತು ಎಂದು ಕೇಳಿದವರಿಗೆ, ಅದೆಲ್ಲ ಪೂರ್ವಾಶ್ರಮದ ಮಾತು, ಬಿಡಿ ಎಂಬ ಉತ್ತರವು ಸಿದ್ಧವಾಗಿರುತ್ತದೆ. ಪೂರ್ವಾಶ್ರಮವೆಂಬ ಈ ಮಾತೇ ತಪ್ಪು. ನಾಗರತ್ನಮ್ಮನವರು ಸಂನ್ಯಾಸವನ್ನು ಸ್ವೀಕರಿಸಿದವರಲ್ಲ. ತಾವು ಇಂಥ ಕುಲದವರೆಂಬುದನ್ನು ಮರೆಮಾಚಿದವರೂ ಅಲ್ಲ. ಅವರ ಬಾಳನ್ನು ಎರಡಾಗಿ ಸೀಳಿ, ಹಿಂದಿನ ಅರ್ಧವನ್ನು ಹೂತು, ಮುಂದಿನ ಅರ್ಧಕ್ಕೆ ಹೂವು ಮುಡಿಸಿರುವುದು ಮರ್ಯಾದಸ್ಥರು ತಮ್ಮ ಅನುಕೂಲಕ್ಕಾಗಿ ಮಾಡಿಕೊಂಡ ಏರ್ಪಾಡು.

ಅವರು ಹುಟ್ಟಿದುದು 1878ರಲ್ಲಿ, ನಂಜನಗೂಡಿನಲ್ಲಿ. ತಾಯಿ ಪುಟ್ಟಲಕ್ಷ್ಮಮ್ಮನು ದೇವದಾಸಿಯರ ಮನೆತನದವಳು. ತಂದೆಯು ವಕೀಲನು; ಮಗುವು ಚಿಕ್ಕದಿರುವಾಗಲೇ ತಾಯಿಮಕ್ಕಳನ್ನು ಕೈಬಿಟ್ಟನು. ಮೈಸೂರಿನಲ್ಲಿ ಗಿರಿಭಟ್ಟರ ತಿಮ್ಮಯ್ಯನವರಲ್ಲಿ ಸಂಸ್ಕೃತಪಾಠವು ಆರಂಭವಾಗಿ, ಕೆಲವು ವರ್ಷಗಳಲ್ಲಿಯೇ ಮನಸ್ತಾಪವುಂಟಾಗಿ ನಿಂತುಹೋಯಿತು. ಈ ಹುಡುಗಿಯು ಸೆಗಣಿ ಬಾಚಲಿಕ್ಕೇ ಯೋಗ್ಯಳೆಂದು ಗುರುಗಳು ಹಳಿದರೆಂದೂ, ಮಗಳು ವಿದ್ಯಾವತಿಯಾಗುವವರೆಗೆ ಈ ಊರನ್ನು ಮೆಟ್ಟುವುದಿಲ್ಲವೆಂದು ತಾಯಿಯು ಶಪಥಮಾಡಿ ಹೊರಟಳೆಂದೂ ಹೇಳುತ್ತಾರೆ. ಬೆಂಗಳೂರಿನಲ್ಲಿ ಮುನಿಸ್ವಾಮಪ್ಪನವರಿಂದ ಸಂಗೀತಶಿಕ್ಷಣವಾಯಿತು. ನಾಟ್ಯವೂ ಜೊತೆಯಲ್ಲಿ ನಡೆಯಿತು. ಕನ್ನಡ, ತೆಲುಗು, ಸಂಸ್ಕೃತಗಳಲ್ಲಿ ಒಳ್ಳೆಯ ಪರಿಶ್ರಮವು ಒದಗಿತು. ಹದಿನೈದರ ಆಸುಪಾಸಿನಲ್ಲಿ ರಂಗವೇರುವ ಹೊತ್ತಿಗೆ ತಾಯಿಯು ತೀರಿಹೋಗಿದ್ದಳು. ಬಂಧುಬಳಗದ ಬೆಂಬಲವು ಅಲ್ಪ, ಆಸ್ತಿಯು ಶೂನ್ಯ. ಹುಟ್ಟಿದೂರನ್ನು ಬಿಟ್ಟು, ತನ್ನನ್ನು ರೂಪಿಸಿದ ಊರನ್ನು ಹೆಸರಿಗೆ ಹಚ್ಚಿಕೊಂಡ ಆ ಬಾಲೆಯು ‘ಬೆಂಗಳೂರು’ ನಾಗರತ್ನಮ್ಮನಾದಳು. ಇದೇ ಕೆಲಸವನ್ನು ಗಂಡಸು ಮಾಡಿದ್ದರೆ ಸ್ವಯಾರ್ಜಿತ ಕೀರ್ತಿಯೆಂದು ಪಠ್ಯಪುಸ್ತಕದಲ್ಲಿ ಅಚ್ಚುಹಾಕಿಸುತ್ತಿದ್ದರು.

ಆ ಕಾಲದಲ್ಲಿ ಅವರಿಗೆ ಆಶ್ರಯವಿತ್ತವರು ಮೈಸೂರು ಸಂಸ್ಥಾನದ ನ್ಯಾಯಾಧೀಶರಾಗಿದ್ದ ನರಹರಿರಾಯರು. ಈ ಸಂಬಂಧವು ಗುಟ್ಟಿನದಾಗಿರಲಿಲ್ಲ. ನರಹರಿರಾಯರು ರಸಿಕರು, ಉದಾರಿಗಳು. ಬೆಂಗಳೂರಿನಲ್ಲಿ ಗುಡ್ಡವೊಂದಕ್ಕೆ ಇಂದಿಗೂ ಅವರ ಹೆಸರೇ ಇದೆ. ಸಂಜೆಯ ಹೊತ್ತು ಸಂಸಾರಸ್ಥರು ಮಕ್ಕಳೊಡನೆ ಆ ಗುಡ್ಡವನ್ನು ಹತ್ತಿ ಗಾಳಿ ಸೇವಿಸುತ್ತಾರೆ; ಯಾರಿಗೂ ಮೈಲಿಗೆಯಾದಂತೆ ಕಾಣುವುದಿಲ್ಲ. ಒಂದೇ ಸಂಬಂಧದಲ್ಲಿ ಇಬ್ಬರಿದ್ದರು. ಒಬ್ಬರಿಗೆ ಗುಡ್ಡವು ದೊರೆಯಿತು, ಮತ್ತೊಬ್ಬರಿಗೆ ‘ಪೂರ್ವಾಶ್ರಮ’ವು ದೊರೆಯಿತು.

ಮುಂದೆ ಅವರು ಮದರಾಸಿಗೆ ಹೋಗಿ ನೆಲೆಸಿದರು. ಕಛೇರಿಗಳು, ಸಂಸ್ಕೃತ ತೆಲುಗು ಕನ್ನಡಗಳಲ್ಲಿ ಹರಿಕಥೆಗಳು, ಹೊಸದಾಗಿ ಬಂದ ಗ್ರಾಮಫೋನು ತಟ್ಟೆಗಳು. ಹೀಗೆ ಸಂಪಾದನೆಯು ಬೆಳೆದು, ಆ ಪಟ್ಟಣದಲ್ಲಿ ಆದಾಯತೆರಿಗೆಯನ್ನು ಸಲ್ಲಿಸಿದ ಮೊದಲ ಕಲಾವಿದೆ ಅವರೇ ಎಂಬ ಮಾತು ಪ್ರಚಲಿತವಾಗಿದೆ. ಒಡವೆಗಳು ಎಲ್ಲಿಂದ ಬಂದುವೆಂಬ ಪ್ರಶ್ನೆಗೆ ಇದು ಸಾಕಾದಷ್ಟು ಉತ್ತರ.

ನಿಜವಾದ ರಗಳೆಯು ಎದ್ದುದು ಪುಸ್ತಕದಿಂದ. ಹದಿನೆಂಟನೆಯ ಶತಮಾನದಲ್ಲಿ ತಂಜಾವೂರಿನ ಪ್ರತಾಪಸಿಂಹನ ಆಸ್ಥಾನದಲ್ಲಿದ್ದ ಮುದ್ದುಪಳನಿಯೆಂಬ ಗಣಿಕೆಯು ‘ರಾಧಿಕಾ ಸಾಂತ್ವನಮು’ ಎಂಬ ತೆಲುಗು ಕಾವ್ಯವನ್ನು ರಚಿಸಿದ್ದಳು. ರಾಧೆಯು ತಾನೇ ಸಾಕಿ ಬೆಳೆಸಿದ ಇಳೆಯನ್ನು ಕೃಷ್ಣನಿಗೆ ಒಪ್ಪಿಸಿ, ಬಳಿಕ ವಿರಹದಿಂದಲೂ ಮತ್ಸರದಿಂದಲೂ ಬೆಂದು, ಕೊನೆಗೆ ಕೃಷ್ಣನಿಂದ ಸಂತೈಸಲ್ಪಡುವುದೇ ಅದರ ವಸ್ತು. 1887ರಲ್ಲಿ ಒಮ್ಮೆ ಅಚ್ಚಾಗಿತ್ತಾದರೂ ಕವಯಿತ್ರಿಯು ತನ್ನ ವಂಶವನ್ನು ಹೇಳಿಕೊಂಡ ಪೀಠಿಕಾಪದ್ಯಗಳೂ ಇನ್ನು ಕೆಲವು ಪದ್ಯಗಳೂ ಅಲ್ಲಿ ಮಾಯವಾಗಿದ್ದುವು. ನಾಗರತ್ನಮ್ಮನವರು ಕಷ್ಟಪಟ್ಟು ಹಸ್ತಪ್ರತಿಯನ್ನು ದೊರಕಿಸಿಕೊಂಡು, ಅಚ್ಚಿನ ಪಾಠದೊಡನೆ ಹೋಲಿಸಿ ನೋಡಿ, ಬಿಟ್ಟುಹೋದುದನ್ನೆಲ್ಲ ಸೇರಿಸಿ, 1910ರಲ್ಲಿ ವಾವಿಳ್ಳ ರಾಮಸ್ವಾಮಿ ಶಾಸ್ತ್ರುಲು ಅಂಡ್ ಸನ್ಸ್ ಪ್ರಕಟಣಾಲಯದವರ ಮೂಲಕ ಶುದ್ಧಪ್ರತಿಯನ್ನು ಹೊರತಂದರು. ಹಸ್ತಪ್ರತಿಗಳ ಧೂಳಿನಲ್ಲಿ ಕುಳಿತವರಿಗೆ ಈ ಕೆಲಸವು ಎಷ್ಟು ಶ್ರಮದ್ದೆಂಬುದು ತಿಳಿದೇ ಇದೆ. ಅದನ್ನು ಮಾಡಿದವರು ಸಭೆಯಲ್ಲಿ ಹಾಡುವ ಹೆಂಗಸು ಎಂಬ ಕಾರಣಕ್ಕೆ ಅದನ್ನು ಸಂಪಾದನೆಯೆಂದು ಕರೆಯಲು ಪಂಡಿತರಿಗೆ ನಾಲಗೆ ಹೊರಳಲಿಲ್ಲ.

ಇಲ್ಲಿ ಎದುರುನಿಂತವರು ಸಾಮಾನ್ಯರಲ್ಲ, ಕಂದುಕೂರಿ ವೀರೇಶಲಿಂಗಂ ಪಂತುಲು. 1881ರಲ್ಲಿ ರಾಜಮಹೇಂದ್ರವರದಲ್ಲಿ ವಿಧವಾವಿವಾಹವನ್ನು ಮಾಡಿಸಿ ಊರಿನ ಬಹಿಷ್ಕಾರವನ್ನು ಎದುರಿಸಿದ ಧೀರರು. ಅಂಥವರು ಮುದ್ದುಪಳನಿಯನ್ನು ವೇಶ್ಯೆಯೆಂದು ಜರೆದು, ಆ ಕಾವ್ಯದ ಹಲವು ಭಾಗಗಳು ಸ್ತ್ರೀಯ ಬಾಯಲ್ಲಿ ಬರುವುದಿರಲಿ ಕಿವಿಯ ಮೇಲೆಯೂ ಬೀಳಬಾರದವು ಎಂಬ ಅಭಿಪ್ರಾಯವನ್ನು ಕೊಟ್ಟರು. ನಾಗರತ್ನಮ್ಮನವರು ತಮ್ಮ ಪೀಠಿಕೆಯಲ್ಲಿ ಇದಕ್ಕೆ ಉತ್ತರವಿತ್ತರು. ನಾಚಿಕೆಯೆಂಬುದು ಹೆಂಗಸರಿಗೆ ಮಾತ್ರವೋ, ಗಂಡಸರಿಗೂ ಉಂಟೋ, ಪಂತುಲುರವರು ತಾವೇ ಮೆಚ್ಚಿದ ಪುರುಷರ ಶೃಂಗಾರಕಾವ್ಯಗಳಲ್ಲಿ ಇದಕ್ಕಿಂತ ಬಿಚ್ಚುಮಾತುಗಳಿಲ್ಲವೋ ಎಂಬುದು ಅವರ ಪ್ರಶ್ನೆ. ಈ ಪ್ರಶ್ನೆಗೆ ಅಂದು ಉತ್ತರ ಬರಲಿಲ್ಲ. ಬದಲಾಗಿ ಪೋಲೀಸರು ಬಂದರು. 1911ರಲ್ಲಿ ಗ್ರಂಥವು ಅಶ್ಲೀಲವೆಂದು ಮದರಾಸು ಸರ್ಕಾರವು ನಿರ್ಣಯಿಸಿ ಪ್ರತಿಗಳನ್ನು ವಶಪಡಿಸಿಕೊಂಡಿತು. ಕುಮಾರಸಂಭವದ ಎಂಟನೆಯ ಸರ್ಗವನ್ನು ಪಂಡಿತರು ಓದುತ್ತಿದ್ದರು, ಗೀತಗೋವಿಂದವನ್ನು ದೇವಸ್ಥಾನಗಳಲ್ಲಿ ಹಾಡುತ್ತಿದ್ದರು, ಕನ್ನಡದಲ್ಲಿ ನೇಮಿಚಂದ್ರನ ಲೀಲಾವತಿಯನ್ನು ಮಹಾಕವಿಕೃತಿಯೆಂದು ಎಣಿಸುತ್ತಿದ್ದರು. ಅವುಗಳ ಮೇಲೆ ಯಾರೂ ಫಿರ್ಯಾದು ಹೂಡಲಿಲ್ಲ. ಅಪರಾಧವು ಶೃಂಗಾರದಲ್ಲಿರಲಿಲ್ಲವೆಂಬುದು ಇದರಿಂದಲೇ ಸ್ಪಷ್ಟ. ಬಯಸುವವಳೂ ಬರೆದವಳೂ ಅಚ್ಚುಹಾಕಿಸಿದವಳೂ ಹೆಂಗಸೇ ಆದುದೇ ಅಪರಾಧ.

ಹರಪನಹಳ್ಳಿಯ ವಾಚಕರು ಇದನ್ನು ದೂರದೇಶದ ವೃತ್ತಾಂತವೆಂದು ಭಾವಿಸಬೇಕಾಗಿಲ್ಲ. 1800ರಲ್ಲಿ ನಿಜಾಮನು ಬಿಟ್ಟುಕೊಟ್ಟ ದತ್ತಮಂಡಲಗಳಲ್ಲಿ ಸೇರಿ, 1953ರವರೆಗೆ ಬಳ್ಳಾರಿ ಜಿಲ್ಲೆಯೊಡನೆ ಮದರಾಸಿಗೇ ಕಂದಾಯ ಕಟ್ಟಿದ ಸೀಮೆ ಇದು. ಮದರಾಸಿನ ನಿಷೇಧಾಜ್ಞೆಯು ಹರಪನಹಳ್ಳಿ, ಕೂಡ್ಲಿಗಿ, ಹಡಗಲಿಗಳಿಗೂ ಅನ್ವಯಿಸುತ್ತಿತ್ತು. ಇನ್ನೊಂದು ವಿಷಯವೂ ಉಂಟು. ಇದೇ ಊರಿನ ಹೆಸರನ್ನು ಹೊತ್ತ ಹರಪನಹಳ್ಳಿ ಭೀಮವ್ವನವರು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಹಾಡುಗಳನ್ನು ಕಟ್ಟಿದರು. ಭೀಮೇಶಕೃಷ್ಣನ ಅಂಕಿತದ ಆ ಹಾಡುಗಳು ಇಂದಿಗೂ ಮನೆಮನೆಯಲ್ಲಿವೆ. ಅವರನ್ನು ಯಾರೂ ಹಳಿಯಲಿಲ್ಲ, ಹಳಿಯಬೇಕಾದ ಕಾರಣವೂ ಇಲ್ಲ, ದೊಡ್ಡ ಕವಯಿತ್ರಿ. ಆದರೆ ಭೀಮವ್ವನವರು ಗೃಹಿಣಿಯಾಗಿ ಹಸೆಯ ಮುಂದೆ ಹಾಡಿದರು, ನಾಗರತ್ನಮ್ಮನವರು ಸಭೆಯ ಮುಂದೆ ಹಾಡಿ ಹಣ ಪಡೆದರು. ಹೆಣ್ಣುದನಿಯ ಬೆಲೆಯನ್ನು ಅದು ಹೊರಡುವ ಸ್ಥಳದಿಂದ ನಿಶ್ಚಯಿಸುವ ಪದ್ಧತಿಯು ಎಷ್ಟು ಹಳೆಯದೋ ಅಷ್ಟೇ ಗಟ್ಟಿ.

ತಿರುವೈಯಾರಿನ ಪ್ರಸಂಗವನ್ನೂ ಪೂರ್ತಿಯಾಗಿ ಹೇಳುವವರು ವಿರಳ. ಬಿಡಾರಂ ಕೃಷ್ಣಪ್ಪನವರ ಪತ್ರದಿಂದ ಸಮಾಧಿಯ ದುಃಸ್ಥಿತಿಯನ್ನು ತಿಳಿದು, ಸ್ಥಳವನ್ನು ಕೊಂಡು, 1921ರ ಅಕ್ಟೋಬರಿನಲ್ಲಿ ಅಸ್ತಿಭಾರ ಹಾಕಿಸಿ, 1925ರ ಜನವರಿಯಲ್ಲಿ ಪ್ರತಿಷ್ಠೆ ನೆರವೇರಿಸಿದರು. ಅಲ್ಲಿಗೆ ಭಾಷಣಕಾರರ ಕಥೆಯು ಮುಗಿಯುತ್ತದೆ. ಮುಂದಿನದು ಇಷ್ಟು: ಆರಾಧನೆಯನ್ನು ನಡೆಸುತ್ತಿದ್ದ ಎರಡು ಪಂಗಡಗಳಿಗೂ ಪರಸ್ಪರ ಜಗಳ, ಹೆಂಗಸರು ಅಲ್ಲಿ ಹಾಡಕೂಡದೆಂಬ ಒಂದು ವಿಷಯದಲ್ಲಿ ಮಾತ್ರ ಪೂರ್ಣ ಐಕಮತ್ಯ. ಮಂದಿರವನ್ನು ಕಟ್ಟಿಸಿದವರಿಗೇ ಅದರ ಮುಂದೆ ಹಾಡಲು ಅನುಮತಿಯಿಲ್ಲ! ಆಗ ನಾಗರತ್ನಮ್ಮನವರು ಅತ್ತು ಕುಳಿತುಕೊಳ್ಳಲಿಲ್ಲ. 1927ರಲ್ಲಿ ಸಮಾಧಿಯ ಹಿಂಬದಿಯಲ್ಲಿ ಹೆಂಗಸರದೇ ಮೂರನೆಯ ಪಂಗಡವನ್ನು ಕಟ್ಟಿ, ತಾವೇ ಹರಿಕಥೆ ಹೇಳಿದರು, ಸ್ತ್ರೀಯರಿಂದ ಹಾಡಿಸಿದರು. 1940ರ ಸುಮಾರಿಗೆ ಮೂರೂ ಪಂಗಡಗಳು ಒಂದಾದುವು. ದೇವದಾಸಿಯರನ್ನೂ ಒಳಗೊಂಡು ಎಲ್ಲ ಸ್ತ್ರೀಯರಿಗೂ ಅಲ್ಲಿ ಸೇವೆಯ ಹಕ್ಕಿರಬೇಕೆಂಬ ಷರತ್ತನ್ನು ತಮ್ಮ ಮರಣಶಾಸನದಲ್ಲಿ ಬರೆಯಿಸಿದರು. ಕುಲವನ್ನು ಪೂರ್ವಾಶ್ರಮವೆಂದು ಬಗೆದವರು ಬರೆಯಿಸುವ ಷರತ್ತೇ ಇದು?

ಇಷ್ಟು ಹೇಳಿದ ಮೇಲೆ ಅವರ ವಿರುದ್ಧವಾಗಿರುವ ಮಾತನ್ನೂ ಹೇಳಬೇಕು. 1927ರಲ್ಲಿ ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿಯವರು ದೇವದಾಸಿ ಪದ್ಧತಿಯನ್ನು ನಿಲ್ಲಿಸಬೇಕೆಂದು ಮದರಾಸು ಶಾಸನಸಭೆಯಲ್ಲಿ ನಿರ್ಣಯ ತಂದಾಗ, ನಾಗರತ್ನಮ್ಮನವರು ದೇವದಾಸಿಯರ ಸಂಘದವರೊಡನೆ ಸೇರಿ ವಿರೋಧಿಸಿದರು. ಇದು ಸರಿಯಾಗಿತ್ತೆ? ಉಚ್ಚಂಗಿದುರ್ಗದ ಬೆಟ್ಟದ ಬುಡದಲ್ಲಿರುವ ತಾಲ್ಲೂಕಿನವರು ಇದಕ್ಕೆ ಹೌದೆನ್ನಲಾರರು. ಭಾರತ ಹುಣ್ಣಿಮೆಯ ಜಾತ್ರೆಯಲ್ಲಿ ಮುತ್ತು ಕಟ್ಟಿಸಿಕೊಂಡ ಬಡ ದಲಿತ ಮನೆಗಳ ಬಾಲೆಯರಿಗೆ ವೀಣೆಯೂ ಇರಲಿಲ್ಲ, ಅಲಂಕಾರಶಾಸ್ತ್ರವೂ ಇರಲಿಲ್ಲ, ಆದಾಯತೆರಿಗೆಯಂತೂ ದೂರ. ಅವರಿಗಿದ್ದುದು ಹಸಿವು, ಊರಗೌಡರ ಕಣ್ಣು, ತಂದೆಯ ಹೆಸರು ಕೇಳಿದಾಗ ಶಾಲೆಯಲ್ಲಿ ತಲೆತಗ್ಗಿಸುವ ಮಕ್ಕಳು. ಮದರಾಸಿನ ಸ್ವಂತ ಮನೆಯಲ್ಲಿದ್ದ ವಿದ್ಯಾವತಿಯ ದೃಷ್ಟಿಗೆ ಈ ಬಾಲೆಯರು ಬೀಳಲಿಲ್ಲ. ಆ ಕೊರತೆಯನ್ನು ಮುಚ್ಚಿಡಲಾಗದು. ದೇವದಾಸಿ ಪದ್ಧತಿಯೆಂದರೆ ಕಲೆಯ ತವರೆಂದು ಈಚೆಗೆ ರಾಗ ಎಳೆಯುವ ಪಟ್ಟಣದ ರಸಿಕರು ಒಮ್ಮೆ ಹರಪನಹಳ್ಳಿಯ ಕೇರಿಗಳಿಗೆ ಬಂದು ಆ ರಾಗವನ್ನು ಹಾಡಿ ನೋಡಲಿ.

ಆದರೆ ಈ ಕೇರಿಗಳ ದುಃಖವನ್ನು ನಾಗರತ್ನಮ್ಮನವರ ಮೇಲಿನ ಕಲ್ಲನ್ನಾಗಿ ಎತ್ತಿಕೊಳ್ಳುವವರಿಗೂ ಒಂದು ಪ್ರಶ್ನೆಯಿದೆ. 1927ರಲ್ಲಿ ಆ ಸಂಘದವರು ಸರ್ಕಾರಕ್ಕೆ ಬರೆದ ಮನವಿಯಲ್ಲಿ ವಿರೋಧವೊಂದೇ ಇರಲಿಲ್ಲ. ಸಾಹಿತ್ಯ, ಧರ್ಮ, ಕಲೆಗಳಲ್ಲಿ ತಮಗೆ ಶಿಕ್ಷಣವನ್ನು ಕೊಡಿ ಎಂಬ ಬೇಡಿಕೆಯೂ ಇತ್ತು. ಬೇಡಿಕೆಯನ್ನು ಪಕ್ಕಕ್ಕಿಟ್ಟು ನಿಷೇಧವನ್ನು ಮಾತ್ರ ಕೈಗೆತ್ತಿಕೊಂಡರು. 1947ರಲ್ಲಿ ಮದರಾಸು ಪ್ರಾಂತದ ಕಾನೂನು ಬಂದಿತು, 1982ರಲ್ಲಿ ಕರ್ನಾಟಕದ ಕಾನೂನು ಬಂದಿತು. ಎರಡೂ ಬೇಕಾಗಿದ್ದುವು. ಆದರೂ 1982ರ ಕಾನೂನಾದ ಬಳಿಕವೂ ಜಾತ್ರೆಯ ದಿನ ಬೆಟ್ಟದ ಮೇಲೆ ಅಧಿಕಾರಿಗಳು ಕಾವಲು ಕಾಯಬೇಕಾಯಿತು. ನಂಜನಗೂಡಿನ ಅನಾಥೆಯೊಬ್ಬಳು ತಪ್ಪಿಸಿಕೊಂಡುದು ಕಾನೂನಿನಿಂದಲ್ಲ, ಅಕ್ಷರದಿಂದ. ಆ ಅಕ್ಷರವು ಉಚ್ಚಂಗಿಯ ಹಾದಿಯಲ್ಲಿ ಸಿಕ್ಕದೆ ಹೋದುದಕ್ಕೆ ನಾಗರತ್ನಮ್ಮನವರನ್ನು ಹೊಣೆಮಾಡುವುದು ಸುಲಭ. ಊರಿನಲ್ಲಿ ಶಾಲೆಯ ಬಾಗಿಲು ಕಾಯುತ್ತಿದ್ದ ಮರ್ಯಾದಸ್ಥರು ಯಾರು ಎಂದು ಕೇಳುವುದು ಕಷ್ಟ.

ಅದೇ 1947ರಲ್ಲಿ, ಟಂಗುಟೂರಿ ಪ್ರಕಾಶಂರವರ ಪ್ರಯತ್ನದಿಂದ, ರಾಧಿಕಾ ಸಾಂತ್ವನಮು ಗ್ರಂಥದ ಮೇಲಿನ ನಿಷೇಧವು ತೆರವಾಯಿತು. 1952ರ ಮೇ ತಿಂಗಳಿನಲ್ಲಿ ನಾಗರತ್ನಮ್ಮನವರು ತಿರುವೈಯಾರಿನಲ್ಲಿ ಕಣ್ಮುಚ್ಚಿದರು. ತ್ಯಾಗರಾಜರ ಸನ್ನಿಧಿಗೆ ಇದಿರಾಗಿ ಅವರ ಸಮಾಧಿಯಿದೆ. ಮುಂದಿನ ಪುಷ್ಯ ಬಹುಳ ಪಂಚಮಿಯಂದು ನಾಲ್ಕು ಮಾತನಾಡಲು ಏಳುವ ಹಿರಿಯರು ಅದಕ್ಕೆ ಮೊದಲು 1910ರ ಆ ಪೀಠಿಕೆಯನ್ನೊಮ್ಮೆ ಓದಿಕೊಂಡು ಬರುವುದು ಒಳ್ಳೆಯದು. ಅದು ತೆಲುಗಿನಲ್ಲಿದೆ, ಬಳ್ಳಾರಿ ಸೀಮೆಯಲ್ಲಿ ತೆಲುಗು ಬಲ್ಲವರಿಗೆ ಬರವಿಲ್ಲ.