ದೇವರ ಹತ್ತಿರ ಎಫ್.ಡಿ. ಇಟ್ಟವರು

ಮೊನ್ನೆ ಭಾನುವಾರ ಆರಾಧನೆ ಮುಗಿಸಿ ಡೊಂಬಿವಲಿ ಲೋಕಲ್‌ನಲ್ಲಿ ಬರುತ್ತಿದ್ದೆ. ಪಕ್ಕದಲ್ಲಿ ಕೂತಿದ್ದ ನಮ್ಮ ಸಭೆಯವರೊಬ್ಬರು ಹೇಳಿದರು: "ದಶಮಾಂಶ ಸರಿಯಾಗಿ ಕೊಡಲು ಶುರು ಮಾಡಿದ ಮೇಲೆಯೇ ಮಗನಿಗೆ ಅಮೆರಿಕ ವೀಸಾ ಆದದ್ದು. ನೀವೂ ಕೊಟ್ಟು ನೋಡಿ."

ಮೂವತ್ತು ವರ್ಷ ಬ್ಯಾಂಕಿನಲ್ಲಿ ಕೂತವನು ನಾನು. ಈ ಧಾಟಿ ನನಗೆ ಚೆನ್ನಾಗಿ ಗೊತ್ತು. "ಇಷ್ಟು ಇಟ್ಟರೆ ಎಷ್ಟು ಬರುತ್ತೆ ಸಾರ್?" ಬ್ಯಾಂಕಿನಲ್ಲಿ ಅದು ಸರಿಯಾದ ಪ್ರಶ್ನೆ. ದೇವರ ಮುಂದೆ?

ಹೊರಗಿನವರು ಯಾರಾದರೂ "ನಿಮ್ಮ ಹಿರಿಯರು ಕೆಲಸದ ಆಸೆಗೆ ಕ್ರೈಸ್ತರಾದವರಲ್ಲವಾ?" ಅಂದರೆ ನಮಗೆಲ್ಲ ಸಿಟ್ಟು ನೆತ್ತಿಗೇರುತ್ತೆ. ನನಗೂ ಏರುತ್ತೆ. ನಮ್ಮದು ಮಂಗಳೂರು ಕಡೆಯ ಬಾಸೆಲ್ ಮಿಶನ್ ಮನೆತನ. ಮಿಶನರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ, ಹಂಚಿನ ಕಾರ್ಖಾನೆ ಶುರುವಾದದ್ದು 1865ರಲ್ಲಿ. ಕ್ರೈಸ್ತರಾದವರಿಗೆ ಮನೆಯ ಬಾಗಿಲು ಮುಚ್ಚಿತು, ಕುಲಕಸುಬು ತಪ್ಪಿತು. ಅವರ ಹೊಟ್ಟೆಪಾಡಿಗೆಂದೇ ನೇಯ್ಗೆ, ಹಂಚು ಎಲ್ಲ ಬಂದವು. ಆಮೇಲೆ ಕಾರ್ಖಾನೆಯನ್ನು ನೋಡಿಯೇ ಬಂದವರೂ ಇದ್ದಿರಬಹುದು. ಇಲ್ಲವೇ ಇಲ್ಲ ಅಂತ ನಾನು ಎದೆ ತಟ್ಟಿ ಹೇಳಲಾರೆ.

ಆದರೆ ಮುಂದಿನ ಕತೆಯನ್ನೂ ಕೇಳಿ. ಮೊದಲ ಮಹಾಯುದ್ಧದ ಕಾಲಕ್ಕೆ ಜರ್ಮನ್ ಮಿಶನರಿಗಳು ಹೋದರು, ಕಾರ್ಖಾನೆಗಳು ಕೈ ಬದಲಾದವು. ಕಾಂಕ್ರೀಟ್ ಸೂರು ಬಂದ ಮೇಲೆ ಹಂಚಿನ ಚಿಮಣಿಗಳೂ ಒಂದೊಂದಾಗಿ ಆರಿದವು. ಸಭೆಗಳು ಮಾತ್ರ ಮುಚ್ಚಲಿಲ್ಲ. ಗಂಜಿಗಾಗಿ ಬಂದಿದ್ದರೂ ಗಂಜಿ ನಿಂತ ಮೇಲೆ ಉಳಿದರಲ್ಲ, ಆ ಉಳಿದದ್ದಕ್ಕೆ ಏನಂತೀರಿ?

ಹಸಿದವನ ಆಸೆಯನ್ನು ನಾನು ಆಡಿಕೊಳ್ಳುವುದಿಲ್ಲ. ನನ್ನ ತಕರಾರು ಹೊಟ್ಟೆ ತುಂಬಿದ ನಮ್ಮ ಮೇಲೆ. ಫ್ಲ್ಯಾಟ್, ಪ್ರಮೋಷನ್, ಮಗಳಿಗೆ ಒಳ್ಳೆಯ ಸಂಬಂಧ, ಮಿಶನ್ ಸ್ಕೂಲಿನ ಸೀಟು, ಕೊನೆಗೆ ಸ್ಮಶಾನದಲ್ಲಿ ಆರಡಿ ಜಾಗ... ಈ ಪಟ್ಟಿ ತೆಗೆದುಬಿಟ್ಟರೆ ನಮ್ಮಲ್ಲಿ ಎಷ್ಟು ಮಂದಿ ಮುಂದಿನ ಭಾನುವಾರ ಬರುತ್ತೇವೆ?

ಬೇರೆಯವರ ಲೆಕ್ಕ ಬಿಡಿ, ನನ್ನದೇ ಹೇಳುತ್ತೇನೆ. 2004ರಲ್ಲಿ ಪ್ರಮೋಷನ್‌ಗೆಂದು ಮೂರು ತಿಂಗಳು ಶುಕ್ರವಾರ ಉಪವಾಸ ಮಾಡಿದೆ. ಲಿಸ್ಟಿನಲ್ಲಿ ನನ್ನ ಹೆಸರಿರಲಿಲ್ಲ. ಆರು ತಿಂಗಳು ಸಭೆಯ ಕಡೆ ತಲೆ ಹಾಕಲಿಲ್ಲ. ನಾನು ಇಟ್ಟದ್ದು ನಂಬಿಕೆ ಅಲ್ಲ, ಡೆಪಾಸಿಟ್. ಬಡ್ಡಿ ಬರಲಿಲ್ಲ ಅಂತ ಖಾತೆ ಮುಚ್ಚಿದ್ದೆ, ಅಷ್ಟೇ.

ಅದು ಅರ್ಥವಾಗಲು ಅಮ್ಮ ಹಾಸಿಗೆ ಹಿಡಿಯಬೇಕಾಯಿತು. 2011ರಲ್ಲಿ ಅವರಿಗೆ ಕ್ಯಾನ್ಸರ್. ಪ್ರಾರ್ಥನೆ ಮಾಡುತ್ತೇವೆಂದು ಒಂದು ತಂಡ ಆಸ್ಪತ್ರೆಗೆ ಬಂತು. ವಾಸಿಯಾಗದಿದ್ದಾಗ ಅವರಲ್ಲೊಬ್ಬರು ಅಮ್ಮನ ಎದುರಿಗೇ "ಮನೆಯಲ್ಲಿ ನಂಬಿಕೆ ಸಾಲದು" ಅಂದರು. ನನಗೆ ಕೈ ಎತ್ತುವಷ್ಟು ಸಿಟ್ಟು ಬಂತು. ಅಮ್ಮ ನನ್ನ ಕೈ ಹಿಡಿದು, "ಬಿಡು ಮಗಾ. ವಾಸಿ ಮಾಡಿದರೆ ಮಾತ್ರ ನನ್ನ ದೇವರು ಅಂತ ನಾನು ಯಾವತ್ತು ಹೇಳಿದ್ದೇನೆ?" ಅಂದರು. ಹನ್ನೆರಡು ದಿನಕ್ಕೆ ಹೋದರು.

ಆ ತಂಡದವರು ಸತ್ಯವೇದ ಓದುವುದಿಲ್ಲವಾ? ಯೋಬನ ಪುಸ್ತಕ ಶುರುವಾಗುವುದೇ ಈ ಪ್ರಶ್ನೆಯಿಂದ. ಲಾಭವಿಲ್ಲದೆ ಯೋಬ ದೇವರಿಗೆ ಭಯಪಡುತ್ತಾನಾ ಅಂತ ಕೇಳಿದವನು ಸೈತಾನ. ಬೆಂಕಿಯ ಕುಲುಮೆಯ ಮುಂದೆ ನಿಂತ ದಾನಿಯೇಲನ ಮೂವರು ಗೆಳೆಯರೂ ದೇವರು ಬಿಡಿಸದೇ ಹೋದರೂ ವಿಗ್ರಹಕ್ಕೆ ಅಡ್ಡಬೀಳೆವು ಅಂದವರು. ಯೋಹಾನನ ಸುವಾರ್ತೆ ಆರನೇ ಅಧ್ಯಾಯದಲ್ಲಿ, ರೊಟ್ಟಿ ತಿಂದು ಹೊಟ್ಟೆ ತುಂಬಿದ್ದಕ್ಕೆ ನನ್ನನ್ನು ಹುಡುಕುತ್ತೀರಿ ಅಂತ ಯೇಸುವೇ ಜನರ ಮುಖಕ್ಕೆ ಹೇಳುತ್ತಾನೆ. ಆ ಅಧ್ಯಾಯ ಮುಗಿಯುವಷ್ಟರಲ್ಲಿ ಬಹಳ ಮಂದಿ ಹೊರಟುಹೋಗಿರುತ್ತಾರೆ. ಜನ ಕಡಿಮೆಯಾದರೆಂದು ಅವನು ಮಾತು ಬದಲಿಸಲಿಲ್ಲ. ಇವತ್ತು ಆಶೀರ್ವಾದದ ಸ್ಕೀಮ್ ಮಾರುವ ಬೋಧಕರು ಇಂಥ ಪ್ರಸಂಗ ಮಾಡುವ ಧೈರ್ಯ ತೋರಿಸಲಿ ನೋಡೋಣ!

"ಹಾಗಾದರೆ ಏನೂ ಬೇಡಬಾರದಾ?" ಅಂತ ನೀವು ಕೇಳಬಹುದು. ಯಾಕೆ ಬೇಡಬಾರದು? ಅನುದಿನದ ಆಹಾರ ಕೇಳುವುದನ್ನು ಕಲಿಸಿದವನೂ ಅವನೇ. ಕಷ್ಟ ಬಂದಾಗ ಅಪ್ಪನ ಹತ್ತಿರ ಕೇಳದೆ ಇನ್ಯಾರ ಹತ್ತಿರ ಕೇಳುವುದು? ಆದರೆ ಅಪ್ಪ ಕೊಡಲಿಲ್ಲವೆಂದು ಅಪ್ಪನನ್ನೇ ಬದಲಿಸುವವನು ಮಗನಲ್ಲ, ಗಿರಾಕಿ.

ಶುದ್ಧ ಉದ್ದೇಶ ಇಟ್ಟುಕೊಂಡೇ ಬನ್ನಿ ಅಂದರೆ ಸಭೆಯಲ್ಲಿ ಬೆಂಚುಗಳಷ್ಟೇ ಉಳಿದಾವು. ನಾನಂತೂ ಇರುವುದಿಲ್ಲ. ಭಯಕ್ಕೆ, ಆಸೆಗೆ, ಅಭ್ಯಾಸಕ್ಕೆ, ಪರಊರಿನಲ್ಲಿ ನಾಲ್ಕು ಕನ್ನಡ ಮಾತು ಕಿವಿಗೆ ಬೀಳಲಿ ಅನ್ನುವುದಕ್ಕೂ ನಾವು ಬರುತ್ತೇವೆ. ನಾನು ಮುಂಬೈಗೆ ಬಂದ ಮೊದಲ ವರ್ಷ ಹೋದದ್ದು ಮುಕ್ಕಾಲು ಪಾಲು ಆ ಕನ್ನಡಕ್ಕೇ. ಅದರಲ್ಲಿ ನಾಚಿಕೆ ಏನಿಲ್ಲ. ಬಂದ ಕಾರಣ ಏನೇ ಇರಲಿ, ಅಲ್ಲೇ ನಿಂತುಬಿಡುವುದು ಮತ್ತು ಅದನ್ನೇ ನಂಬಿಕೆ ಅಂತ ಮಕ್ಕಳಿಗೆ ಕಲಿಸುವುದು ತಪ್ಪು. ನಾಳೆ ಅವರಿಗೂ ಒಂದು ಪ್ರಮೋಷನ್ ತಪ್ಪುತ್ತೆ, ಅವರ ಮನೆಗೂ ಕ್ಯಾನ್ಸರ್ ಬಂದೀತು. ಆಗ ಅವರ ಕೈಯಲ್ಲಿ ಏನಿರುತ್ತೆ?

ಬ್ಯಾಂಕಿಗೆ ವರ್ಷಕ್ಕೊಮ್ಮೆ ಆಡಿಟ್ ಆಗುತ್ತೆ. ನಮ್ಮೊಳಗಿನ ಖಾತೆಗೂ ಒಮ್ಮೆ ಆಗಲಿ. ಅಂದಹಾಗೆ ಲೋಕಲ್‌ನಲ್ಲಿ ಸಿಕ್ಕವರಿಗೆ ನಾನು ಒಂದೇ ಕೇಳಿದೆ: "ವೀಸಾ ಆಗದೇ ಇದ್ದಿದ್ದರೆ?" ಅವರು ಕಿಟಕಿಯ ಆಚೆ ನೋಡುತ್ತಾ ಕೂತರು. ಠಾಣೆ ದಾಟಿದರೂ ಉತ್ತರ ಬರಲಿಲ್ಲ.

ನಿಮ್ಮ ಉತ್ತರ ಏನು?